ಎರಡು ನಲವತ್ತರ ನೀರು

ಮಂಗಳವಾರ ಬೆಳಗ್ಗೆ ಹತ್ತೂವರೆಗೆ, ನೀರು ಮೆದು ಮಾಡುವ ಯಂತ್ರ ಮಾರಲು ಕೂಳೂರಿನ ಯೋಗೀಶರ ಮನೆಗೆ ಬಂದಿದ್ದ ಮೆಲ್ವಿನ್, ಈ ಮನೆಗೆ ಅಂಥ ಯಂತ್ರ ಬೇಕಾಗಿಲ್ಲ ಎಂದು ಹೇಳಿದರು.

ಹಾಗೆ ಹೇಳುವಾಗ ಅವರ ಮುಖದಲ್ಲಿ ಸಂತೋಷವಿರಲಿಲ್ಲ. ಬಲ್ಮಠದಿಂದ ಬಿಸಿಲಿನಲ್ಲಿ ಸ್ಕೂಟರ್ ಓಡಿಸಿಕೊಂಡು ಬಂದಿದ್ದರು. ಬ್ಯಾಗಿನಲ್ಲಿ ಮೂರು ಮಾದರಿಯ ಯಂತ್ರಗಳ ಚಿತ್ರಗಳಿದ್ದವು. ಅವುಗಳಲ್ಲಿ ಒಂದನ್ನೂ ಹೊರಗೆ ತೆಗೆಯುವ ಸಂದರ್ಭ ಬರಲಿಲ್ಲ.

‘ಒಂದೇ ಹನಿಗೆ ನೀಲಿ ಆಯ್ತು ಸರ್,’ ಎಂದು ಅವರು ಗಾಜಿನ ಟ್ಯೂಬನ್ನು ಬೆಳಕಿಗೆ ಹಿಡಿದರು. ‘ಇಷ್ಟು ಮೆದು ನೀರಿಗೆ ಸಾಫ್ಟ್‌ನರ್ ಹಾಕಿದ್ರೆ ನಾಳೆ ನೀವೇ ನನಗೆ ಬೈತೀರಿ.’

ಪರೀಕ್ಷೆ ಸರಳವಾದದ್ದು. ಟ್ಯೂಬಿನಲ್ಲಿ ನೀರು ತೆಗೆದುಕೊಂಡು ಒಂದು ಚಿಟಿಕೆ ಪುಡಿ ಹಾಕಿದರೆ ಅದು ಪುನರ್ಪುಳಿ ಶರಬತ್ತಿನ ಕೆಂಪು ಬಣ್ಣಕ್ಕೆ ತಿರುಗುತ್ತದೆ. ಆಮೇಲೆ ಇನ್ನೊಂದು ದ್ರಾವಣವನ್ನು ಹನಿಹನಿಯಾಗಿ ಬಿಡಬೇಕು. ಕೆಂಪು ಹೋಗಿ ನೀಲಿಯಾಗಲು ಹೆಚ್ಚು ಹನಿ ಬೇಕಾದರೆ ನೀರು ಗಡಸು, ಕಡಿಮೆ ಸಾಕಾದರೆ ಮೆದು. ಇದು ಯೋಗೀಶರಿಗೆ ಮೆಲ್ವಿನ್‌ಗಿಂತ ಚೆನ್ನಾಗಿ ಗೊತ್ತಿತ್ತು. ಅವರು ಬೈಕಂಪಾಡಿಯ ಒಂದು ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುವವರು. ಗಡಸು ನೀರು ಹೋದರೆ ಬಾಯ್ಲರಿನ ಕೊಳವೆಗಳಲ್ಲಿ ಸುಣ್ಣ ಕಟ್ಟುತ್ತದೆ. ಆದ್ದರಿಂದ ಪ್ರತಿ ಪಾಳಿಯಲ್ಲೂ ಅವರು ಈ ಹನಿಗಳನ್ನು ಎಣಿಸಿಯೇ ಕೆಲಸ ಶುರು ಮಾಡುತ್ತಿದ್ದರು.

ಅಂದಿನ ಪರೀಕ್ಷೆ ತಪ್ಪಲು ಕಾರಣವಾದದ್ದೂ ಕಾರ್ಖಾನೆಯ ಅಭ್ಯಾಸವೇ. ಮೆಲ್ವಿನ್ ಬಂದ ಕೂಡಲೇ, ನೀರು ಹಿಡಿಯಲು ನಲ್ಲಿ ಎಲ್ಲಿದೆ ಎಂದು ಕೇಳಿ ಎದ್ದಿದ್ದರು. ಯೋಗೀಶರು ಕೂರಿಸಿದರು.

‘ನೀವು ಕೂತ್ಕೊಳ್ಳಿ ಮಾರಾಯ್ರೆ. ಸ್ಯಾಂಪಲ್ ಇಲ್ಲಿಗೇ ಬರ್ತದೆ.’ ಕಾರ್ಖಾನೆಯಲ್ಲಿ ಸ್ಯಾಂಪಲ್ ಅವರಿದ್ದಲ್ಲಿಗೆ ಬರುತ್ತಿತ್ತು. ಅವರು ಎದ್ದು ಹೋಗಿ ತಂದದ್ದಿಲ್ಲ. ಮನೆಯಲ್ಲೂ ಒಳಗೆ ಕತ್ತು ತಿರುಗಿಸಿ, ‘ನಳಿನಾ, ಪರೀಕ್ಷೆಗೆ ಸ್ವಲ್ಪ ನೀರು ತಾ,’ ಎಂದರು.

ಅವರ ಹೆಂಡತಿ ನಳಿನಾಕ್ಷಿ ಅಡುಗೆಮನೆಯ ಮೂಲೆಯಲ್ಲಿ ಮುಚ್ಚಿಟ್ಟಿದ್ದ ತಾಮ್ರದ ಕೊಡಪಾನದಿಂದ ಒಂದು ಚೆಂಬು ನೀರು ಬಗ್ಗಿಸಿ ತಂದರು. ಅದು ಮೂರು ವರ್ಷದ ಹಿಂದೆ ಮನೆಯಲ್ಲಿ ಕೊರೆಸಿದ ಬೋರ್‌ವೆಲ್ಲಿನ ನೀರಲ್ಲ. ಪಕ್ಕದ ಮನೆಯ ಬೂಬಣ್ಣನ ಬಾವಿಯದ್ದು. ದಿನಾ ಸಂಜೆ ಒಂದು ಕೊಡಪಾನ ಅಲ್ಲಿಂದ ತಂದು, ಮನೆಗೆ ಬಂದವರಿಗೆ ಕೊಡಲೆಂದೇ ಅವರು ಇಡುತ್ತಿದ್ದರು. ಬೋರ್ ನೀರಿಗೆ ಸೀಮೆಸುಣ್ಣದ ರುಚಿ. ಬಂದವರು ಕುಡಿಯಲಿ ಅಥವಾ ಪುಡಿ ಹಾಕಿ ಬಣ್ಣ ನೋಡಲಿ, ಜಗಲಿಯಲ್ಲಿ ಕುಳಿತ ಮನುಷ್ಯನ ಮುಂದೆ ಅಂಥ ನೀರು ಇಡುವುದು ಹೇಗೆ? ಚೆಂಬಿನ ಜೊತೆಗೆ ತಟ್ಟೆಯಲ್ಲಿ ಎರಡು ತುಂಡು ಬೆಲ್ಲವನ್ನೂ ಇಟ್ಟರು. ಮೆಲ್ವಿನ್ ಮೊದಲು ಅರ್ಧ ಚೆಂಬು ಕುಡಿದು, ಉಳಿದದ್ದನ್ನು ಪರೀಕ್ಷಿಸಿದರು.

ಮೆಲ್ವಿನ್ ಹೋದ ಮೇಲೆ ಮಗಳು ಅನುಷ್ಕಾ ಪಾರ್ಲರಿನಿಂದ ಹೊರಗೆ ಬಂದಳು. ಪಾರ್ಲರ್ ಎಂದರೆ ಮನೆಯ ಎದುರಿನ ಕೋಣೆ. ಕಳೆದ ವರ್ಷ ಅವಳು ಅಲ್ಲಿ ಕನ್ನಡಿ, ತಲೆ ತೊಳೆಯುವ ಬೇಸಿನ್ ಮತ್ತು ತಿರುಗುವ ಕುರ್ಚಿ ಹಾಕಿಸಿದ್ದಳು.

‘ಎಂತ ಹೇಳಿದ್ರು ಪಪ್ಪ?’

‘ನಮ್ಮ ನೀರು ಫಸ್ಟ್ ಕ್ಲಾಸ್ ಅಂತೆ.’

‘ಫಸ್ಟ್ ಕ್ಲಾಸಾ? ಶಾಂಪೂ ಹಾಕಿದ್ರೆ ನೊರೆ ಬರುವುದಿಲ್ಲ, ಹಾಲು ಒಡೆದ ಹಾಗೆ ಆಗ್ತದೆ. ಆ ಇಬ್ಬರು ಟೀಚರುಗಳು ಇಲ್ಲಿಗೆ ಬರುವುದು ಬಿಟ್ಟು ಬಲ್ಮಠದ ಪಾರ್ಲರಿಗೆ ಹೋಗ್ಲಿಕ್ಕೆ ಶುರು ಮಾಡಿದ್ದಾರೆ. ಅದೆಲ್ಲ ಸುಳ್ಳಾ?’

‘ಯಂತ್ರ ಮಾರುವವನೇ ಯಂತ್ರ ಬೇಡ ಅಂತ ಹೇಳಿದ್ರೆ ನಾನು ಎಂತ ಮಾಡುವುದು?’

ಅನುಷ್ಕಾಳ ಸಿಟ್ಟಿಗೆ ಕಾರಣವಿತ್ತು. ಭಾನುವಾರ ಜೋಕಟ್ಟೆಯಿಂದ ಹನಾನ್ ಎಂಬ ಮದುಮಗಳು ಮದುವೆಯ ಕೇಶಾಲಂಕಾರದ ಟ್ರಯಲ್‌ಗೆ ಬರುವವಳಿದ್ದಳು. ಜೊತೆಯಲ್ಲಿ ಅವಳ ತಾಯಿ ಸೌದಾ. ಮಗಳ ಕೂದಲು ನೋಡಿ ಮೆಚ್ಚಿದರೆ ಮದುಮಗಳದ್ದೂ ಮನೆಯ ಹೆಂಗಸರೆಲ್ಲರದ್ದೂ ಕೆಲಸ ಅನುಷ್ಕಾಳಿಗೆ. ಇಲ್ಲದಿದ್ದರೆ ಇಲ್ಲ ಎಂದು ಸೌದಾ ಫೋನಿನಲ್ಲೇ ಹೇಳಿದ್ದರು. ಮೂರು ತಿಂಗಳಿಂದ ಪಾರ್ಲರಿನ ಕುರ್ಚಿ ಹೆಚ್ಚು ಹೊತ್ತು ಖಾಲಿಯೇ ಇತ್ತು. ಈ ಮದುವೆಯೂ ಕೈತಪ್ಪಿದರೆ ಪಾರ್ಲರ್ ಮುಚ್ಚಿ, ಬಲ್ಮಠದ ಅದೇ ಪಾರ್ಲರಿನಲ್ಲಿ ಇನ್ನೊಬ್ಬರ ಕೈಕೆಳಗೆ ಸೇರುವುದೆಂದು ಅವಳು ತೀರ್ಮಾನಿಸಿದ್ದಳು. ಅದು ಮನೆಯವರಿಗೆಲ್ಲ ಗೊತ್ತಿತ್ತು. ಯೋಗೀಶರು ಎರಡು ದಿನ ರಜೆ ಹಾಕಿ ಯಂತ್ರ ಆರಿಸಲು ಕುಳಿತದ್ದೂ ಅದಕ್ಕೇ.

ಅದೇ ಸಂಜೆ ಐದಕ್ಕೆ ಯೋಗೀಶರು ತಮ್ಮದೇ ಕಿಟ್ ತೆಗೆದು, ಪಾರ್ಲರಿನ ಬೇಸಿನ್ನಿನ ನಲ್ಲಿಯಿಂದ ನೀರು ಹಿಡಿದು ಪರೀಕ್ಷಿಸಿದರು. ಹದಿನೇಳನೆಯ ಹನಿಗೆ ನೀಲಿಯಾಯಿತು. ಅವರು ಕನ್ನಡಕ ಒರೆಸಿ ಮತ್ತೊಮ್ಮೆ ಮಾಡಿದರು. ಮತ್ತೆ ಹದಿನೇಳು.

‘ಬೆಳಗ್ಗೆ ಒಂದು, ಸಂಜೆ ಹದಿನೇಳು,’ ಎಂದು ಅವರು ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದರು. ‘ಇದು ಹೇಗೆ ಸಾಧ್ಯ?’

ನಳಿನಾಕ್ಷಿ ಬಾಯಿ ತೆರೆದರು. ಅಷ್ಟರಲ್ಲಿ ಯೋಗೀಶರು, ‘ನೀನು ಸುಮ್ಮನಿರು, ನಾನು ಆಲೋಚನೆ ಮಾಡ್ತಾ ಇದ್ದೇನೆ,’ ಎಂದರು. ನಳಿನಾಕ್ಷಿ ಒಲೆಯ ಕಡೆಗೆ ತಿರುಗಿದರು.

ಮರುದಿನ ಹನ್ನೊಂದೂವರೆಗೆ ಇನ್ನೊಂದು ಕಂಪನಿಯಿಂದ ಶರೊನ್ ಎಂಬ ಹುಡುಗಿ ಬಂದಳು. ಇವಳ ಹತ್ತಿರ ಹನಿ, ಪುಡಿ ಯಾವುದೂ ಇರಲಿಲ್ಲ. ನಾಲ್ಕು ಕಬ್ಬಿಣದ ಕಡ್ಡಿಗಳಿರುವ, ಕರೆಂಟಿಗೆ ಜೋಡಿಸುವ ಒಂದು ಸಾಧನವಿತ್ತು. ಅದನ್ನು ಲೋಟದಲ್ಲಿ ಇಳಿಸಿ ಸ್ವಿಚ್ ಹಾಕಿದರೆ ನೀರು ಚರಂಡಿಯ ಬಣ್ಣಕ್ಕೆ ತಿರುಗುತ್ತದೆ. ನೋಡಿದವರು ಹೆದರಿ ಆರ್ಡರ್ ಕೊಡುತ್ತಾರೆ. ನೀರಿನಲ್ಲಿ ಕರಗಿದ ಲವಣ ತುಂಬ ಕಡಿಮೆಯಿದ್ದರೆ ಮಾತ್ರ ಈ ಆಟ ನಡೆಯುವುದಿಲ್ಲ.

‘ಈಗ ನೋಡಿ ಅಂಕಲ್, ನೀವು ದಿನಾ ಎಂತ ಕುಡಿತಾ ಇದ್ದೀರಿ ಅಂತ,’ ಎಂದು ಶರೊನ್ ಸ್ವಿಚ್ ಹಾಕಿದಳು.

ಲೋಟದಲ್ಲಿದ್ದದ್ದು ನಳಿನಾಕ್ಷಿ ಬೆಲ್ಲದ ಜೊತೆ ತಂದಿಟ್ಟ ನೀರು. ಅದು ಹಾಗೆಯೇ ಇತ್ತು. ಶರೊನ್ ಪ್ಲಗ್ಗನ್ನು ಒತ್ತಿದಳು. ಕರೆಂಟ್ ಉಂಟಾ ಎಂದು ಕೇಳಿದಳು. ಫ್ಯಾನ್ ತಿರುಗುತ್ತಿತ್ತು. ಇನ್ನೂ ಎರಡು ನಿಮಿಷ ಕಾದರು. ಲೋಟದ ಆಚೆಗೆ ಗೋಡೆಯ ಮೇಲಿನ ಕ್ಯಾಲೆಂಡರಿನ ತಾರೀಖುಗಳು ಓದುವಷ್ಟು ಸ್ಪಷ್ಟವಾಗಿ ಕಾಣುತ್ತಿದ್ದವು.

‘ನನಗೆ ಇಷ್ಟರವರೆಗೆ ಹೀಗೆ ಆಗ್ಲಿಲ್ಲ ಅಂಕಲ್,’ ಎಂದಳು ಶರೊನ್. ಅವಳ ದನಿ ಸಣ್ಣದಾಗಿತ್ತು. ‘ಈ ಮಷಿನ್ ಹಾಳಾಗಿರಬೇಕು. ಮ್ಯಾನೇಜರಿಗೆ ಎಂತ ಹೇಳುವುದು?’

ನಳಿನಾಕ್ಷಿಗೆ ಪಾಪ ಅನ್ನಿಸಿತು. ‘ನೀರಿನದ್ದು ಎಂತ ಅಂದ್ರೆ ಮಗಾ…’ ಎಂದು ಅವರು ಶುರು ಮಾಡಿದ್ದರು. ಆದರೆ ಯೋಗೀಶರು ಕುರ್ಚಿಯಿಂದ ಎದ್ದು ನಿಂತಿದ್ದರು.

‘ಸಿಕ್ಕಿತು!’

ಅವರಿಗೆ ಸಿಕ್ಕಿದ್ದು ಸಮುದ್ರ. ಕೂಳೂರಿನ ಸೇತುವೆಯ ಕೆಳಗೆ ಗುರುಪುರ ನದಿಯ ನೀರು ಉಬ್ಬರ ಇಳಿತಕ್ಕೆ ತಕ್ಕ ಹಾಗೆ ಏರುತ್ತದೆ, ಇಳಿಯುತ್ತದೆ. ಮೊಬೈಲ್ ತೆಗೆದು ನೋಡಿದರು. ಮಂಗಳವಾರ ಇಳಿತ ಇದ್ದದ್ದು ಬೆಳಗ್ಗೆ ಹತ್ತೂವರೆಯ ಹೊತ್ತಿಗೆ. ಆಗ ನೀರು ಮೆದು. ಸಂಜೆ ಐದರ ಹೊತ್ತಿಗೆ ಉಬ್ಬರ, ಆಗ ಗಡಸು. ಬುಧವಾರ ಇಳಿತ ಹನ್ನೊಂದು ಇಪ್ಪತ್ತಕ್ಕೆ. ಶರೊನ್ ಬಂದದ್ದು ಹನ್ನೊಂದೂವರೆಗೆ. ಒಂದು ಲೆಕ್ಕವೂ ತಪ್ಪಲಿಲ್ಲ.

‘ನಮ್ಮ ಬೋರಿಗೂ ಹೊಳೆಗೂ ಒಳಗಿಂದ ಸಂಬಂಧ ಉಂಟು,’ ಎಂದು ಅವರು ಮಗಳಿಗೆ ವಿವರಿಸಿದರು. ‘ಉಬ್ಬರದಲ್ಲಿ ಸಮುದ್ರ ಒತ್ತುತ್ತದೆ, ನೀರು ಗಡಸಾಗ್ತದೆ. ಇಳಿತದಲ್ಲಿ ಬಿಡ್ತದೆ, ಮೆದು ಆಗ್ತದೆ. ಯಂತ್ರ ಎಂತಕ್ಕೆ? ಗಂಟೆ ನೋಡಿ ತಲೆ ತೊಳೆದ್ರೆ ಆಯ್ತು.’

‘ಪಪ್ಪ, ಗಿರಾಕಿಗಳು ಬಂಗುಡೆ ಮೀನಾ ಉಬ್ಬರ ಇಳಿತ ನೋಡಿ ಬರ್ಲಿಕ್ಕೆ?’

ಯೋಗೀಶರು ಹಟವಾದಿ ನಿಜ, ಆದರೆ ಪುರಾವೆ ಇಲ್ಲದೆ ಮಾತಾಡುವವರಲ್ಲ. ಗುರುವಾರ ಅವರಿಗೆ ಡ್ಯೂಟಿ ಇತ್ತು. ಹೋಗುವಾಗ ಹೆಂಡತಿಯ ಕೈಗೆ ಒಂದು ಖಾಲಿ ಬಾಟಲಿ ಕೊಟ್ಟು, ಇಳಿತದ ಹೊತ್ತಿಗೆ, ಸರಿಯಾಗಿ ಹನ್ನೆರಡು ಹತ್ತಕ್ಕೆ ನೀರು ತುಂಬಿಸಿಡಬೇಕು, ಕಾರ್ಖಾನೆಯ ಲ್ಯಾಬಿನ ಕೆಮಿಸ್ಟ್ ಸಾಹೇಬರೇ ಅದನ್ನು ನೋಡುತ್ತಾರೆ ಎಂದು ಹೇಳಿದರು. ಅದನ್ನು ಹೇಳದೆ ಇದ್ದಿದ್ದರೆ ನಳಿನಾಕ್ಷಿ ಬಹುಶಃ ನಲ್ಲಿಯಿಂದಲೇ ತುಂಬಿಸುತ್ತಿದ್ದರು. ಸಾಹೇಬರು ನೋಡುವ ನೀರೆಂದ ಮೇಲೆ ಬಾಟಲಿಯನ್ನು ಮೂರು ಸಲ ತೊಳೆದು, ಹನ್ನೆರಡು ಹತ್ತಕ್ಕೆ ಸರಿಯಾಗಿ ತಾಮ್ರದ ಕೊಡಪಾನದಿಂದಲೇ ತುಂಬಿಸಿದರು.

ಶುಕ್ರವಾರ ಕೆಮಿಸ್ಟ್ ಸಾಹೇಬರು ಪರೀಕ್ಷೆ ಮಾಡಿ, ನಮ್ಮ ಬಾಯ್ಲರಿಗೆ ಇಂಥ ನೀರು ಸಿಕ್ಕಿದ್ದರೆ ನಿನ್ನ ಅರ್ಧ ಕೆಲಸ ಉಳಿಯುತ್ತಿತ್ತು ಯೋಗೀಶ್ ಎಂದರು. ಅಂದು ಸಂಜೆ ಮನೆಗೆ ಬಂದ ಯೋಗೀಶರು ಚಪ್ಪಲಿ ಬಿಚ್ಚುವ ಮೊದಲೇ ಅನುಷ್ಕಾಳನ್ನು ಕರೆದು, ಭಾನುವಾರದ ಟ್ರಯಲನ್ನು ಹನ್ನೊಂದು ಗಂಟೆಯಿಂದ ಆ ದಿನದ ಇಳಿತದ ಹೊತ್ತಾದ ಮಧ್ಯಾಹ್ನ ಎರಡು ನಲವತ್ತಕ್ಕೆ ಬದಲಾಯಿಸಲು ಹೇಳಿದರು. ಲ್ಯಾಬಿನವರೇ ಒಪ್ಪಿದ ಮೇಲೆ ಅನುಷ್ಕಾಳಿಗೆ ಎದುರಾಡಲು ಧೈರ್ಯ ಬರಲಿಲ್ಲ. ಭಾನುವಾರದೊಳಗೆ ಯಂತ್ರ ಬರುವ ದಾರಿಯೂ ಇರಲಿಲ್ಲ. ಅವಳು ಸೌದಾರಿಗೆ ಫೋನ್ ಮಾಡಿದಳು.

‘ಎರಡು ನಲವತ್ತಾ?’ ಎಂದರು ಸೌದಾ. ‘ಅದೆಂತ, ಮತ್ಸ್ಯಗಂಧ ರೈಲು ಹೊರಡುವ ಟೈಮಾ?’

ಆದರೂ ಬಂದರು. ಭಾನುವಾರ ಎರಡೂವರೆಗೆ ತಾಯಿ ಮಗಳು ಇಬ್ಬರೂ ಪಾರ್ಲರಿನ ಬಾಗಿಲಲ್ಲಿದ್ದರು. ಸೌದಾ ಐವತ್ತರ ಹೆಂಗಸು; ಅಂಗಡಿಯಲ್ಲಿ ಬಟ್ಟೆ ನೋಡುವಾಗ ನೂಲು ಎಳೆದು ನೋಡುವ ಜಾತಿ. ಬಂದವರೇ ಕನ್ನಡಿಯ ಅಂಚಿಗೆ ಬೆರಳು ಎಳೆದು ಧೂಳು ನೋಡಿದರು. ಧೂಳಿರಲಿಲ್ಲ. ಯೋಗೀಶರು ಪಾರ್ಲರಿಗೆ ಹೊಂದಿಕೊಂಡ ಜಗಲಿಯಲ್ಲಿ, ತೆರೆದ ಬಾಗಿಲಿನ ಹತ್ತಿರ ಬೆನ್ನು ತಿರುಗಿಸಿ ಕುಳಿತು, ಮೊಬೈಲಿನಲ್ಲಿ ಗಂಟೆ ನೋಡುತ್ತಿದ್ದರು.

‘ಈಗ ಶುರು ಮಾಡ್ಬಹುದು,’ ಎಂದು ಅವರು ಅಲ್ಲಿಂದಲೇ ಹೇಳಿದರು.

ಅನುಷ್ಕಾ ಹನಾನಳ ತಲೆಯನ್ನು ಬೇಸಿನ್ನಿಗೆ ಒರಗಿಸಿ ನಲ್ಲಿ ತಿರುಗಿಸಿದಳು. ಹುಡುಗಿಯದ್ದು ಸೊಂಟದವರೆಗಿನ ಕೂದಲು. ಒಂದು ಮುಚ್ಚಳ ಶಾಂಪೂ ಹಾಕಿದಳು, ನೊರೆ ಬರಲಿಲ್ಲ. ಇನ್ನೂ ಒಂದು ಹಾಕಿದಳು. ಮೂರನೆಯದಕ್ಕೆ ಬಿಳಿ ಕಣಗಳು ಕಾಣಿಸಿಕೊಂಡವು. ಉಜ್ಜಿ ತೊಳೆದು, ಟವೆಲಿನಿಂದ ಒತ್ತಿ, ಬಾಚಣಿಗೆ ಇಳಿಸಿದರೆ ಅದು ನಡುವಿನಲ್ಲಿ ಸಿಕ್ಕಿಕೊಂಡು ಕೈ ಬಿಟ್ಟರೂ ಬೀಳದೆ ಹಾಗೆಯೇ ನಿಂತಿತು.

ಸೌದಾ ಎದ್ದು ಬಂದು ಒಂದು ಎಳೆಯನ್ನು ಬೆರಳುಗಳ ನಡುವೆ ತಿಕ್ಕಿ ನೋಡಿದರು.

‘ಇದು ಕೂದಲಾ, ತೆಂಗಿನ ಕತ್ತವಾ?’ ಎಂದರು. ‘ಮನೆಯಿಂದ ಹೊರಡುವಾಗ ರೇಷ್ಮೆ ಹಾಗಿತ್ತು. ಈಗ ಇದರಲ್ಲಿ ಪಾತ್ರೆ ತಿಕ್ಕಬಹುದು.’

‘ಒಂದು ನಾಲ್ಕು ನಿಮಿಷ ಕಾಯಿರಿ,’ ಎಂದಿತು ಜಗಲಿಯ ಧ್ವನಿ. ‘ಇಳಿತ ಇನ್ನೂ ಪೂರ್ತಿ ಆಗ್ಲಿಲ್ಲ.’

‘ಯಾವುದರ ಇಳಿತ?’

‘ಸಮುದ್ರದ್ದು.’

ಸೌದಾ ಅನುಷ್ಕಾಳ ಮುಖ ನೋಡಿದರು. ಅನುಷ್ಕಾ ನೆಲ ನೋಡಿದಳು. ‘ನಿನ್ನ ಅಪ್ಪನಿಗೆ ಹುಷಾರಿಲ್ವಾ ಮಗಾ?’ ಎಂದು ಸೌದಾ ಮೆಲ್ಲಗೆ ಕೇಳಿದರು. ಆಮೇಲೆ ಬ್ಯಾಗು ಹೆಗಲಿಗೆ ಹಾಕಿದರು. ‘ಏಳು ಹನಾನ್, ಹೋಗುವ. ಬಲ್ಮಠದಲ್ಲಿ ಒಂದು ಪಾರ್ಲರ್ ಉಂಟಂತೆ.’

ಅನುಷ್ಕಾ ಬಾಚಣಿಗೆ ಬಿಡಿಸುವ ಕೆಲಸ ನಿಲ್ಲಿಸಲಿಲ್ಲ. ಬುಡದಿಂದಲ್ಲ, ತುದಿಯಿಂದ, ಒಂದೊಂದೇ ಎಳೆಯಾಗಿ, ಹುಡುಗಿಗೆ ನೋವಾಗದ ಹಾಗೆ ಬಿಡಿಸುತ್ತಿದ್ದಳು. ಅವಳ ಕಣ್ಣಲ್ಲಿ ನೀರಿತ್ತು. ಅಷ್ಟರಲ್ಲಿ ನಳಿನಾಕ್ಷಿ ಒಳಗಿನಿಂದ ಬೆಲ್ಲದ ತಟ್ಟೆ, ನೀರಿನ ಚೆಂಬು ಹಿಡಿದು ಬಂದರು. ಮಗಳನ್ನು ಕರೆದುಕೊಂಡು ಬಂದ ತಾಯಿ ಗಿರಾಕಿಯಲ್ಲ, ಮನೆಗೆ ಬಂದವಳು ಎಂಬುದು ಅವರ ಲೆಕ್ಕ.

‘ಹೋಗುವುದಾದ್ರೆ ಹೋಗಿ, ಬಾಯಾರಿಕೆ ಕುಡಿದು ಹೋಗಿ. ಬಿಸಿಲುಂಟು.’

ಸೌದಾ ಬೇಡವೆನ್ನಲಾಗದೆ ಕುಡಿದರು. ಅರ್ಧ ಕುಡಿದು ನಿಲ್ಲಿಸಿದರು. ಇನ್ನೊಂದು ಗುಟುಕು ಬಾಯಲ್ಲಿ ಹಿಡಿದು, ನುಂಗಿ, ಚೆಂಬಿನ ಒಳಗೆ ನೋಡಿದರು.

‘ಅಕ್ಕ, ಇದು ಯಾವ ಬಾವಿದು?’

ನಳಿನಾಕ್ಷಿಗೆ ತುಂಬ ಖುಷಿಯಾಯಿತು. ಇಷ್ಟು ದಿನದಲ್ಲಿ ಅವರನ್ನು ಯಾರೂ ಇದನ್ನು ಕೇಳಿರಲಿಲ್ಲ.

‘ಪಕ್ಕದ ಬೂಬಣ್ಣನ ಬಾವಿದು. ಒಳ್ಳೆ ನೀರು ಅಲ್ವಾ? ಬಂದವರಿಗೆ ನಾನು ಅದೇ ಕೊಡುವುದು.’

ಜಗಲಿಯಲ್ಲಿ ಕುರ್ಚಿ ಸರಿದ ಸದ್ದಾಯಿತು. ಯೋಗೀಶರು ಬಾಗಿಲಿಗೆ ಬಂದು ನಿಂತರು.

‘ಮಂಗಳವಾರ ಮೆಲ್ವಿನ್‌ಗೆ ಕೊಟ್ಟದ್ದು ಯಾವ ನೀರು?’

‘ಅದೇ.’

‘ಆ ಹುಡುಗಿಗೆ, ಕಡ್ಡಿ ತಂದವಳಿಗೆ?’

‘ಅದೇ. ಪಾಪ, ಎಷ್ಟು ದೂರದಿಂದ ಬಂದಿತ್ತು.’

‘ಬಾಟಲಿ? ನಾನು ಲ್ಯಾಬಿಗೆ ಕೊಂಡುಹೋದದ್ದು?’

‘ನಿಮ್ಮ ಸಾಹೇಬರು ನೋಡುವ ನೀರಲ್ವಾ? ಯೋಗೀಶನ ಮನೆಯಲ್ಲಿ ಇಂಥ ನೀರಾ ಅಂತ ಕೇಳಿದ್ರೆ ಮರ್ಯಾದೆ ಹೋಗುವುದು ಯಾರದ್ದು?’

ಯೋಗೀಶರು ಸೌದಾರ ಕೈಯಲ್ಲಿದ್ದ ಚೆಂಬಿನ ಕಡೆಗೆ ನೋಡಿದರು. ಆಮೇಲೆ ಅವರು ಕೇಳಿದ ಪ್ರಶ್ನೆಗೂ ಪಾರ್ಲರಿಗೂ ಸಂಬಂಧವಿರಲಿಲ್ಲ.

‘ನನಗೆ ಕುಡಿಲಿಕ್ಕೆ ಯಾವುದು ಕೊಡುವುದು?’

‘ಬೋರಿಂದು.’

‘ಮೂರು ವರ್ಷದಿಂದ?’

‘ನೀವು ಮನೆಯವರಲ್ವಾ,’ ಎಂದರು ನಳಿನಾಕ್ಷಿ.

ಸೌದಾ ಮೊದಲು ನಕ್ಕರು. ತಲೆಯಲ್ಲಿ ಬಾಚಣಿಗೆ ನೇತಾಡುತ್ತಿದ್ದ ಹನಾನ್ ಆಮೇಲೆ ನಕ್ಕಳು. ನಗು ನಿಂತ ಮೇಲೆ ಸೌದಾ ಬ್ಯಾಗನ್ನು ಮತ್ತೆ ಕುರ್ಚಿಯ ಮೇಲೆ ಇಟ್ಟರು.

‘ನಾನು ಕುಡಿದ ನೀರನ್ನು ಇವಳ ತಲೆಗೂ ಹಾಕಿ ನೋಡುವ.’

‘ಅದು…’ ಎಂದು ನಳಿನಾಕ್ಷಿ ತಡೆದರು. ‘ಅವಳು ಗಿರಾಕಿ ಅಲ್ವಾ? ಪಾರ್ಲರಿನ ಕೆಲಸಕ್ಕೆ ಅಂತ ಬೂಬಣ್ಣನ ಹತ್ತಿರ ಕೇಳಿಲ್ಲ.’

‘ಹಾಗಾದ್ರೆ ಇವತ್ತಿನ ದುಡ್ಡು ನಾನು ಕೊಡುವುದಿಲ್ಲ. ಈಗ ಅವಳು ನೆಂಟಳಾ?’

ನಳಿನಾಕ್ಷಿ ಒಳಗೆ ಹೋಗಿ ಕೊಡಪಾನದ ಮುಚ್ಚಳ ತೆಗೆದು ನೋಡಿದರು. ಕೊಡಪಾನದಲ್ಲಿ ಉಳಿದಿದ್ದ ನೀರು ಆ ಕೂದಲಿಗೆ ಸಾಲದು. ಹೊಸದಾಗಿ ಸೇದಬೇಕು. ಅನುಷ್ಕಾ ಎರಡು ಬಕೆಟು ತಂದು ಅಪ್ಪನ ಕೈಗೆ ಕೊಟ್ಟಳು.

ಬೂಬಣ್ಣ ಬಾವಿಯ ಹತ್ತಿರ ತೆಂಗಿನಕಾಯಿ ಸುಲಿಯುತ್ತಿದ್ದರು. ಯೋಗೀಶರು ಹಗ್ಗ ಹಿಡಿದದ್ದನ್ನು ನೋಡಿ ಕತ್ತಿ ಕೆಳಗಿಟ್ಟರು.

‘ದಾನೆ ಯೋಗಿ, ಎಂತದು, ಇವತ್ತು ನೀನಾ? ದಿನಾ ನಳಿನ ಬರ್ತಾಳೆ. ಯಾರೋ ದೊಡ್ಡವರು ಬಂದಿರಬೇಕು.’

‘ನಿಮಗೆ ಗೊತ್ತಿತ್ತಾ ಬೂಬಣ್ಣ, ಅವಳು ಕೊಂಡುಹೋಗುವುದು?’

‘ಗೊತ್ತಿಲ್ಲದೆ ಎಂತ? ಇಡೀ ಓಣಿಗೆ ಗೊತ್ತುಂಟು. ನಿನ್ನ ಮನೆಗೆ ಬಂದವರೆಲ್ಲ ನನ್ನ ನೀರು ಹೊಗಳಿಕೊಂಡೇ ಹೋಗುವುದು.’

ರಾಟೆ ಕಿರುಗುಟ್ಟುತ್ತ ಎರಡು ಬಕೆಟು ಮೇಲೆ ಬಂತು. ಆಮೇಲೆ ಇನ್ನೂ ಎರಡು. ಬಾಯ್ಲರಿನ ಮುಂದೆ ಗುಂಡಿ ಒತ್ತಿ ಅಭ್ಯಾಸವಿದ್ದ ಯೋಗೀಶರ ಅಂಗೈ ಕೆಂಪಾಯಿತು. ನಾಲ್ಕನೆಯ ಬಕೆಟಿನ ಹೊತ್ತಿಗೆ ಅವರು ಬಾವಿಯ ಕಟ್ಟೆಯ ಮೇಲಿದ್ದ ಲೋಟದಲ್ಲಿ ನೀರು ತುಂಬಿಸಿ ನಿಂತಲ್ಲೇ ಕುಡಿದರು. ಮತ್ತೆ ತುಂಬಿಸಿ ಮತ್ತೆ ಕುಡಿದರು.

ಪಾರ್ಲರಿನಲ್ಲಿ ಅನುಷ್ಕಾ ಚೆಂಬಿನಿಂದ ಎರೆಯತೊಡಗಿದಳು. ಅರ್ಧ ಮುಚ್ಚಳ ಶಾಂಪೂವಿಗೆ ಬೇಸಿನ್ ತುಂಬ ನೊರೆ ಬಂತು. ಎಷ್ಟೆಂದರೆ ಹನಾನ್, ‘ಉಮ್ಮಾ, ಕಣ್ಣಿಗೆ ಹೋಯ್ತು,’ ಎಂದು ಕೂಗಿದಳು. ತೊಳೆದು, ಒಣಗಿಸಿ, ಅನುಷ್ಕಾ ಮೊದಲೇ ಯೋಚಿಸಿಟ್ಟಿದ್ದ ಹಾಗೆ ಕೂದಲನ್ನು ಹಿಂದಕ್ಕೆ ಸುತ್ತಿ, ತಲೆವಸ್ತ್ರ ಜಾರದ ಹಾಗೆ ಕೆಳಗೆ ಕಟ್ಟಿದಳು. ಗಂಟೆ ನಾಲ್ಕಾಯಿತು. ಉಬ್ಬರ ಶುರುವಾಗಿತ್ತು, ಅದನ್ನು ಯಾರೂ ಹೇಳಲಿಲ್ಲ.

ಸೌದಾ ಮಗಳ ಸುತ್ತ ಒಂದು ಸುತ್ತು ಬಂದರು. ಗಂಟನ್ನು ಒತ್ತಿ ನೋಡಿದರು. ತಲೆ ಅಲ್ಲಾಡಿಸಲು ಹೇಳಿದರು, ಹನಾನ್ ಅಲ್ಲಾಡಿಸಿದಳು, ಗಂಟು ಅಲ್ಲಾಡಲಿಲ್ಲ.

‘ಕೈ ಒಳ್ಳೆದುಂಟು,’ ಎಂದರು ಸೌದಾ. ‘ನಾನು ಹೋಗುವ ಅಂತ ಎದ್ದು ನಿಂತ ಮೇಲೆ ಸಹ ನೀನು ಸಿಕ್ಕು ಬಿಡಿಸ್ತಾ ಇದ್ದಿ. ಅದನ್ನೂ ನೋಡಿದೆ. ಮದುವೆಯ ದಿನ ನಮ್ಮ ಮನೆಗೇ ಬಾ. ನಮ್ಮಲ್ಲಿ ಬಾವಿ ಉಂಟು. ಇವಳದ್ದು, ನನ್ನದು, ನಾದಿನಿಯರದ್ದು, ಎಲ್ಲ ನೀನೇ ಮಾಡ್ಬೇಕು.’

‘ಆಗ್ಲಿ ಆಂಟಿ,’ ಎಂದಳು ಅನುಷ್ಕಾ.

‘ಆದ್ರೆ ಟೈಮ್ ನಾವು ಹೇಳ್ತೇವೆ. ನಿನ್ನ ಅಪ್ಪನ ಹತ್ತಿರ ಕೇಳ್ಬೇಡ.’

ಸೋಮವಾರ ಸಂಜೆ ಮೆಲ್ವಿನ್ ಮತ್ತೆ ಬಂದರು. ಈ ಸಲ ಅನುಷ್ಕಾ ಅವರನ್ನು ಕೂರಲು ಬಿಡದೆ ನೇರವಾಗಿ ಬೇಸಿನ್ನಿನ ನಲ್ಲಿಯ ಹತ್ತಿರ ಕರೆದುಕೊಂಡು ಹೋದಳು. ಹದಿನೇಳು ಹನಿ. ಮೆಲ್ವಿನ್ ಮೂರೂ ಮಾದರಿಗಳ ಚಿತ್ರಗಳನ್ನು ಹರಡಿದರು. ಯೋಗೀಶರು ಎಲ್ಲಕ್ಕಿಂತ ದೊಡ್ಡದಕ್ಕೆ ಬೆರಳಿಟ್ಟರು. ಅದು ಒಂದು ಹನಿಯಷ್ಟೂ ಗಡಸು ಉಳಿಸುವುದಿಲ್ಲವಂತೆ, ಬಾಯ್ಲರಿಗೂ ಸಾಕಂತೆ.

‘ಪಪ್ಪ, ನನಗೆ ಹಬೆ ಬೇಡ, ನೊರೆ ಸಾಕು,’ ಎಂದು ಅನುಷ್ಕಾ ಎಲ್ಲಕ್ಕಿಂತ ಸಣ್ಣದನ್ನು ಆರಿಸಿದಳು. ಪಾರ್ಲರಿನ ಒಂದು ಲೈನಿಗೆ ಅದು ಸಾಕು, ಆಗಾಗ ಉಪ್ಪು ತುಂಬಿಸಿದರಾಯಿತು ಎಂದು ಮೆಲ್ವಿನ್ ಕೂಡ ಹೇಳಿದರು. ಅಡುಗೆಮನೆಗೂ ಒಂದು ಹಾಕಿಸುವ ಮಾತು ಬಂತು. ನಳಿನಾಕ್ಷಿ ಒಪ್ಪಲಿಲ್ಲ. ಬಂದವರಿಗೆ ಯಂತ್ರದ ನೀರು ಕೊಡಲು ತಮ್ಮಿಂದಾಗದು ಎಂದರು.

ಬುಧವಾರ ಮಧ್ಯಾಹ್ನ ಪಾರ್ಲರಿನ ಲೈನಿಗೆ ಸಾಫ್ಟ್‌ನರ್ ಜೋಡಿಸಿದರು. ತಿಂಗಳ ಕೊನೆಯ ಭಾನುವಾರ, ಮದುವೆಯ ದಿನ, ಅನುಷ್ಕಾ ಜೋಕಟ್ಟೆಗೆ ಹೋಗಿ, ಹನಾನ್ ಮತ್ತು ಮನೆಯ ಒಂಬತ್ತು ಹೆಂಗಸರ ಕೂದಲಿನ ಕೆಲಸ ಮುಗಿಸಿ ಸಂಜೆಯ ಬಸ್ಸಿನಲ್ಲಿ ಮನೆಗೆ ಬಂದಳು.